ಬೆಲ್ಲದ ಹಬೆಯಲ್ಲಿ ಬಗ್ಗಿದ ಬಿಲ್ಲು

ನಮ್ಮ ಮನೆಯ ಮುದ್ದೆ ಕೋಲು ಸೊಟ್ಟಗಿದೆ. ಅದು ಸೊಟ್ಟಗಾಗಲು ಇಪ್ಪತ್ತೆಂಟು ವರ್ಷ ತೆಗೆದುಕೊಂಡಿತು. ನಾನು ಅದನ್ನು ಗಮನಿಸಲು ಇಪ್ಪತ್ತೊಂಬತ್ತು. ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯಲ್ಲಿ ನಿಷ್ಪ್ರಯೋಜಕನಾಗಿ ನಿಂತಿದ್ದಾಗ, ಮೊಳೆಗೆ ತೂಗುಹಾಕಿದ್ದ ಆ ಕೋಲು ಹಿಡಿಯಿಂದ ತುದಿಗೆ ಇಳಿಯುವಷ್ಟರಲ್ಲಿ ಗೋಡೆಯಿಂದ ಎರಡು ಬೆರಳು ದೂರ ಸರಿದಿರುವುದು ಕಣ್ಣಿಗೆ ಬಿತ್ತು. ಯಾರೂ ಅದನ್ನು ಬಗ್ಗಿಸಿರಲಿಲ್ಲ. ದಿನಕ್ಕೊಮ್ಮೆ ರಾಗಿ ಹಿಟ್ಟಿನ ಹಬೆಯಲ್ಲಿ ಬೆಂದು, ಒಂದೇ ಬಲಗೈಯ ಒತ್ತಡಕ್ಕೆ ಒಂದೇ ದಿಕ್ಕಿನಲ್ಲಿ ಸುತ್ತಿ, ಆಮೇಲೆ ತೊಳೆಸಿಕೊಂಡು ಮೊಳೆಗೆ ಮರಳಿದ್ದಷ್ಟೇ ಅದರ ಚರಿತ್ರೆ. ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಲ್ಲಿನಿಂದ ಕಲ್ಲಿಗೆ ನೇರ ಗೆರೆ ಎಳೆದು ನಿವೃತ್ತನಾದವನ ಮನೆಯೊಳಗೇ ಇಂಥದೊಂದು ವಕ್ರತೆ ಸದ್ದಿಲ್ಲದೆ ಬೆಳೆದಿತ್ತೆಂಬುದು ನನಗೆ ಕೊಂಚ ಅವಮಾನದ ಸಂಗತಿ.

ಆ ಕೋಲನ್ನು ನೋಡುವ ಕಣ್ಣು ನನಗೆ ಬಂದದ್ದು ಒಂದು ಬಿಲ್ಲಿನ ದೆಸೆಯಿಂದ. ಅಥವಾ ಕೋಲು ಮೊದಲು, ಬಿಲ್ಲು ಆಮೇಲೆಯೋ? ನೆನಪೆಂಬುದು ನಮ್ಮ ಇಲಾಖೆಯ ಹಳೆಯ ನಕ್ಷೆಯ ಹಾಗೆ. ಕಾಗದದ ಮೇಲೆ ಎಲ್ಲವೂ ಚೊಕ್ಕವಾಗಿ ಹೊಂದುತ್ತದೆ. ಹೊಲಕ್ಕಿಳಿದು ಸರಪಳಿ ಎಳೆದರೆ ಎಲ್ಲೋ ಒಂದು ಮಾರು ಕಾಣೆಯಾಗಿರುತ್ತದೆ. ಚೊಕ್ಕವಾಗಿ ಹೊಂದಿದ ನೆನಪನ್ನು ಕಂಡರೆ ನನಗೆ ಯಾರೋ ಕಲ್ಲು ಕಿತ್ತು ನೆಟ್ಟಿದ್ದಾರೆಂಬ ಗುಮಾನಿ. ಆದ್ದರಿಂದ, ಜೊತೆಗೆ ಹೆಜ್ಜೆ ಹಾಕುತ್ತಿರುವ ಓದುಗರೇ, ಅನುಮಾನ ಬಂದಲ್ಲೆಲ್ಲ ಒಂದು ಕಲ್ಲು ನೆಟ್ಟು ಮುಂದೆ ಹೋಗುತ್ತೇನೆ. ಎಡವಿದರೆ ನನ್ನನ್ನು ಬೈಯಬಹುದು.

ಬಿಲ್ಲು ಬೇಕಾಗಿದ್ದುದು ನನ್ನ ಹೆಂಡತಿ ನಾಗರತ್ನಳಿಗೆ. ಮಂಡ್ಯ ಸೀಮೆಯಲ್ಲಿ ಗದ್ದೆಯ ಕೆಲಸ ಒಂದಿಷ್ಟು ಸಡಿಲಾದರೆ ಗಂಡಸರು ಕಿರೀಟ ಕಟ್ಟಿಕೊಂಡು ನಾಟಕವಾಡುವುದು ಹೊಸದಲ್ಲ. ನಿನ್ನೆ ಟ್ರ್ಯಾಕ್ಟರ್ ಓಡಿಸಿದವನು ಇವತ್ತು ಚಕ್ರವರ್ತಿ, ನಾಳೆ ಮತ್ತೆ ಟ್ರ್ಯಾಕ್ಟರ್. ಈಚೀಚೆಗೆ ಹೆಂಗಸರೂ ತಂಡ ಕಟ್ಟಿ ಮೀಸೆ ಅಂಟಿಸಿಕೊಳ್ಳುತ್ತಿದ್ದಾರೆ. ಮದ್ದೂರಿನ ಹನ್ನೊಂದು ಮಂದಿಯ ಅಂಥ ಒಂದು ತಂಡಕ್ಕೆ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ನಾಗರತ್ನ ತನ್ನ ಅರುವತ್ತೆರಡನೆಯ ವಯಸ್ಸಿನಲ್ಲಿ ಸೇರಿದಳು. ನಾಟಕ ಬರೆದವರೂ ಕಲಿಸಿದವರೂ ಹಾರ್ಮೋನಿಯಂ ಬಾರಿಸಿದವರೂ ಚೆನ್ನಪ್ಪ ಮಾಸ್ತರು ಒಬ್ಬರೇ. ಕಥೆ ಸರಳ. ಕೆಂಚನೆಂಬ ಬೇಡನೊಬ್ಬ ಪಾಳೆಗಾರನ ಆಸ್ಥಾನಕ್ಕೆ ಬರುತ್ತಾನೆ, ಆಸ್ಥಾನ ನಗುತ್ತದೆ, ಕೆಂಚ ಮಾತಾಡದೆ ತನ್ನ ಬಿಲ್ಲಿಗೆ ಹೆದೆ ಏರಿಸಿ ಒಮ್ಮೆ ಮೀಟುತ್ತಾನೆ, ಆ ಠೇಂಕಾರಕ್ಕೆ ಆಸ್ಥಾನ ಸ್ತಬ್ಧವಾಗುತ್ತದೆ, ಆಮೇಲೆ ಹಾಡು. ನಾಗರತ್ನ ಕೆಂಚ. ಪ್ರದರ್ಶನ ಮಂಡ್ಯದಲ್ಲಿ, ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆಗೆ. ರಾತ್ರಿ ಯಾಕಲ್ಲವೆಂದರೆ, ಪಾಳೆಗಾರನಿಂದ ಹಿಡಿದು ದ್ವಾರಪಾಲಕನವರೆಗೆ ಎಲ್ಲರೂ ಸಂಜೆಗೆ ಮನೆ ಸೇರಿ ಮುದ್ದೆ ತಿರುವಬೇಕು.

ತಾಲೀಮಿಗೆ ಬಾಡಿಗೆ ಸಾಮಾನಿನ ಜೊತೆ ಬಂದ ಬಿಲ್ಲು ತಗಡಿನದು, ಮೇಲೆ ಬೇಗಡೆ ಕಾಗದ. ಆ ಮಧ್ಯಾಹ್ನ ನಾನೂ ಮಂಡ್ಯದ ಕಲ್ಯಾಣ ಮಂಟಪದ ಊಟದ ಹಾಲಿನ ಮೂಲೆಯಲ್ಲಿ ಕೂತಿದ್ದೆ. ನಾಗರತ್ನ ಹೆದೆ ಎಳೆದಳು. ತಗಡು ಮಡಚಿಕೊಂಡಿತು, ಹಳೆಯ ಚಾಪೆಯ ಹಾಗೆ, ನಾಚಿಕೆಯೇ ಇಲ್ಲದೆ. ಹೊರಟ ಸದ್ದು ಡಬ್ಬದ ಮುಚ್ಚಳದ್ದು. ಪಾಳೆಗಾರನಾಗಿದ್ದ ಗೌರಮ್ಮ ಸಿಂಹಾಸನದಿಂದಲೇ ಕೂಗಿದಳು: “ಲೇ ಕೆಂಚಾ, ಬ್ಯಾಟೆಗೆ ಬಂದಿದ್ದೀಯೋ ಪಾತ್ರೆ ಕಲಾಯಿ ಆಕಕ್ಕೆ ಬಂದಿದ್ದೀಯೋ?” ಹತ್ತು ಮಂದಿಯೂ ನಕ್ಕರು. ನಾನೂ ನಕ್ಕೆನೆಂದು ನಾಗರತ್ನ ಹೇಳುತ್ತಾಳೆ. ನನ್ನ ನೆನಪಿನಲ್ಲಿ ನಾನು ಕೆಮ್ಮಿದ್ದೆ. ಇಲ್ಲೊಂದು ಕಲ್ಲು ನೆಡುತ್ತೇನೆ.

ಮಾಸ್ತರು ಹಾರ್ಮೋನಿಯಂ ಮುಚ್ಚಿ ತೀರ್ಪು ಕೊಟ್ಟರು. “ನೋಡಮ್ಮ, ಸದ್ದು ಬರೋ ಬಿಲ್ಲು ಸಿಕ್ಕುದ್ರೆ ಸೀನು ಐತೆ. ಇಲ್ದಿದ್ರೆ ಎದೆ ಏರ್ಸದು ಬುಟ್‌ಬುಡವ, ಸೀದ ಆಡಿಗೆ ಓಗವ. ಜನ ನಗೋ ಜಾಗ್ದಲ್ಲಿ ಬೇಡ ನಿಂತ್ಕಂಡ್ರೆ ನಾಟ್ಕ ಬಿದ್ದೋಯ್ತದೆ.”

ನಾಗರತ್ನ ಬಸ್ ನಿಲ್ದಾಣದವರೆಗೆ ನಡೆದಳು, ಮೀಸೆ ತೆಗೆಯುವುದನ್ನೂ ಮರೆತು. ಆ ಒಂದು ಸೀನು ಅವಳಿಗೆ ಏನೆಂಬುದು ಮಾಸ್ತರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮಳವಳ್ಳಿ ಕಡೆಯ ಹಳ್ಳಿಯ ಶಾಲೆಯಲ್ಲಿ ಅವಳು ಐದನೆಯ ಕ್ಲಾಸಿನಲ್ಲಿದ್ದಾಗ ನಾಟಕದ ವೀರನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದಳಂತೆ. ಮೇಷ್ಟ್ರು ಆ ಪಾತ್ರವನ್ನು ಪಟೇಲರ ಮಗನಿಗೆ ಕೊಟ್ಟರು. ಇವಳನ್ನು ಎರಡೂ ಕೈಯಲ್ಲಿ ಕೊಂಬೆ ಹಿಡಿಸಿ ಮರವಾಗಿ ನಿಲ್ಲಿಸಿದರು. ಆ ಹುಡುಗ ಮಾತು ಮರೆತು ತೊದಲಿದಾಗ, ಮಾತೆಲ್ಲ ಗಂಟಲಲ್ಲೇ ಇಟ್ಟುಕೊಂಡಿದ್ದ ಮರದ ಕಣ್ಣಲ್ಲಿ ನೀರು ಬಂತು. ಪರದೆಯ ಹಿಂದಿನಿಂದ ಮೇಷ್ಟ್ರು ಪಿಸುಗುಟ್ಟಿದರಂತೆ: “ಮರ ಅಳಬಾರ್ದು ಕಣಮ್ಮಿ, ನೆಟ್ಟಗೆ ನಿಂತ್ಕೊ.” ಮದುವೆಯಾದ ಹೊಸತರಲ್ಲಿ ನಾನು ಕೇಳಿದಾಗ ಅದು ಆಲದ ಮರವಾಗಿತ್ತು, ಹತ್ತು ವರ್ಷದ ಮೇಲೆ ಮಾವು, ಈಚೆಗೆ ಹೊಂಗೆ. ಜಾತಿ ಬದಲಾಗಿದೆ, ನೀರು ಬದಲಾಗಿಲ್ಲ.

ನಾಟಕಕ್ಕೆ ಇನ್ನು ಮೂರು ವಾರವಿತ್ತು. ಬಸ್ಸಿನಲ್ಲಿ ಕೂತ ಮೇಲೆ ನಾನು, ಜಗತ್ತಿನ ಎಲ್ಲ ಅವಿವೇಕಿಗಳೂ ಬಳಸುವ ಆ ನಿರಾಡಂಬರ ವಾಕ್ಯವನ್ನು ಬಳಸಿದೆ: “ಒಂದು ಬಿಲ್ಲು ತಾನೆ, ನಾನು ಮಾಡಿಕೊಡ್ತೀನಿ ಬಿಡು.”

“ನೀವು ಓದ್ಸಲ ಸ್ಟೂಲು ಮಾಡಿದ್ರಲ್ಲ,” ಎಂದಳು ನಾಗರತ್ನ. ಅಷ್ಟೇ. ಆ ಸ್ಟೂಲಿನ ವಿಷಯ ಇಲ್ಲಿ ಅಪ್ರಸ್ತುತ.

ನಾನು ಪ್ರಯೋಗಶೀಲ ಮನುಷ್ಯ. ಇದ್ದುದನ್ನು ಇದ್ದಂತೆ ಮಾಡುವುದಕ್ಕಿಂತ, ಇಲ್ಲದ ರೀತಿಯಲ್ಲಿ ಮಾಡಿ ಕೆಡಿಸುವುದರಲ್ಲಿ ನನಗೆ ಆನಂದ. ಬಿಲ್ಲು ಹಾಡಬೇಕಾದರೆ ಅದರ ಎರಡು ತುದಿಗಳೂ ಕೊಕ್ಕರೆಯ ಕೊರಳಿನಂತೆ ಹಿಂದಕ್ಕೆ ಬಾಗಿರಬೇಕು, ಆಗ ಹೆದೆ ಬಿಗಿಯುತ್ತದೆ, ಬಿಗಿದರೆ ನುಡಿಯುತ್ತದೆ ಎಂದು ತಿಳಿದುಕೊಂಡೆ. ಮರ ಬಾಗಬೇಕಾದರೆ ಹಬೆ ಕುಡಿಯಬೇಕು. ಹಬೆಗೆ ನಮ್ಮ ಮನೆಯ ಪ್ರೆಶರ್ ಕುಕ್ಕರಿಗಿಂತ ಸಮರ್ಥ ಯಂತ್ರ ಯಾವುದು? ಸೀಟಿಯ ಜಾಗಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಆಳುದ್ದದ ಪ್ಲಾಸ್ಟಿಕ್ ಪೈಪಿಗೆ ಸೇರಿಸಿ, ಪೈಪಿನೊಳಗೆ ಮರದಂಗಡಿಯಲ್ಲಿ ಗೆರೆ ಎಳೆದು ಕೊಯ್ಯಿಸಿ ತಂದ ನುಣುಪಾದ ಪಟ್ಟಿಯನ್ನಿಟ್ಟು, ಎರಡು ಕಡೆಯೂ ಬಟ್ಟೆ ತುರುಕಿದೆ. ಪೈಪಿಗೆ ಹಿತ್ತಲಲ್ಲಿ ಎರಡು ಕುರ್ಚಿಗಳ ಆಸರೆ. ಒಂದು ಗಂಟೆ ಹಬೆ ಹರಿಯಿತು. ನಾನು ಪಕ್ಕದಲ್ಲೇ ಕೂತು ಪತ್ರಿಕೆ ಓದಿದೆ. ತಲೆಯೆತ್ತಿ ನೋಡಿದಾಗ ನನ್ನ ಎದುರಿಗೆ ಒಂದು ಸುಂದರವಾದ ಬಿಲ್ಲು ಸಿದ್ಧವಾಗಿತ್ತು: ಎರಡು ಕುರ್ಚಿಗಳ ನಡುವೆ ಮನೋಹರವಾಗಿ ಜೋತುಬಿದ್ದ ಪೈಪು. ಒಳಗಿನ ಮರ ಎಳೆದಾಗ ಗಜಕಡ್ಡಿಯಷ್ಟು ನೆಟ್ಟಗೆ ಹೊರಬಂತು. ಮಂಡಿಯ ಮೇಲಿಟ್ಟು ಬಗ್ಗಿಸಲು ಹೋದೆ. ಕಬ್ಬಿನ ಜಲ್ಲೆಯಂತೆ ಲಟಕ್ಕೆಂದಿತು.

“ಪೈಪಿಗೇ ಎದೆ ಕಟ್‌ಬುಡಿ,” ಎಂದಳು ನಾಗರತ್ನ, ಕುಕ್ಕರಿನ ಸೀಟಿಯನ್ನು ನನ್ನ ಅಂಗಿಯ ಜೇಬಿನಿಂದ ಹುಡುಕಿ ತೆಗೆಯುತ್ತ. ಆದರೆ ಅವಳು ನಗಲಿಲ್ಲ. ನಾಲ್ಕು ದಿನ ಹೋಗಿತ್ತು.

ಮರುದಿನ ಮಳವಳ್ಳಿ ಬಸ್ಸು ಹಿಡಿದು ಸಿದ್ಧಾಚಾರಿಯ ಬಳಿಗೆ ಹೋದೆ. ಒಂದು ಕಾಲಕ್ಕೆ ಸುತ್ತಮುತ್ತಲಿನ ಎತ್ತಿನ ಗಾಡಿಗಳೆಲ್ಲ ಅವನ ಕೈಯಿಂದ ಹುಟ್ಟಿದವು. ಈಗ ಗಾಡಿ ಕೇಳುವವರಿಲ್ಲದೆ ಪ್ಲೈವುಡ್ಡಿನ ಕಪಾಟು ಮಾಡುತ್ತಾನೆ, ತಾತ್ಸಾರದಿಂದ, ಆದರೆ ಅಚ್ಚುಕಟ್ಟಾಗಿ. ನಾನು ಮುರಿದ ಪಟ್ಟಿಯನ್ನು ಮುಂದಿಟ್ಟು, ನನ್ನ ಯಂತ್ರದ ವಿವರಣೆ ಕೊಟ್ಟೆ. ಅವನು ಪಟ್ಟಿಯ ಮುರಿದ ಬಾಯನ್ನು ಬೆಳಕಿಗೆ ಹಿಡಿದು, ವೈದ್ಯ ನಾಲಗೆ ನೋಡಿದಂತೆ ನೋಡಿದ.

“ಗರಗಸ್ದಲ್ಲಿ ಕುಯ್ಸಿದ್ದೀರಿ. ಗರಗಸಕ್ಕೆ ನಿಮ್ ಗೆರೆ ಮುಖ್ಯ ಸಾಮಿ, ಮರದ್ ಎಳೆ ಅಲ್ಲ. ಸೀಳ್ಬೇಕು. ಸೀಳುದ್ರೆ ಮರ ತನ್ ದಾರಿ ತಾನೇ ತೋರುಸ್ತದೆ.”

ಮೂವತ್ತೊಂದು ವರ್ಷ ಗೆರೆಯೇ ಮುಖ್ಯವೆಂದು ಬಾಳಿದವನಿಗೆ ಈ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅಟ್ಟದ ಮೇಲೆ, ಗಾಡಿಯ ನೊಗ ಕಟ್ಟುವ ಮೂಕಿಗೆಂದು ಎಂದೋ ಎತ್ತಿಟ್ಟಿದ್ದ ತಡಸಲು ಮರದ ತುಂಡೊಂದಿತ್ತು. ಬಗ್ಗಿದರೂ ಮುರಿಯದ, ಮುರಿದರೂ ಎರಡಾಗದ ಹಟಮಾರಿ ಜಾತಿ. ಸಿದ್ಧಾಚಾರಿ ಅದಕ್ಕೆ ಬೆಣೆ ಹೊಡೆದ. ಮರ ತನ್ನ ಮನಸ್ಸು ಬಂದಂತೆ, ಹೊಳೆ ತಿರುಗುವ ಹಾಗೆ ಸ್ವಲ್ಪ ಎಡಕ್ಕೆ ತಿರುಗಿ ಸೀಳಿತು. ಬಾಚಿಯಿಂದ ಸವರಿ, ಉಜ್ಜುಗೊರಡು ಎಳೆದು, ನಡುವೆ ದಪ್ಪ ತುದಿಗೆ ತೆಳುವಾಗಿ ಅವನು ಅದನ್ನು ಇಳಿಸುತ್ತ ಹೋದಾಗ, ಆ ಎಡತಿರುವನ್ನು ಮಾತ್ರ ಮುಟ್ಟಲಿಲ್ಲ. ಸೊಟ್ಟಗಿದೆಯಲ್ಲ ಎಂದೆ. “ನೀವೇನ್ ನೆಟ್ಟಗಿದ್ದೀರಾ ಸಾಮಿ? ಬುಡಿ, ಅದ್ ಅದರ ನೆಟ್ಟಗೆ,” ಎಂದ.

ಒಣಗಿದ ಮರಕ್ಕೆ ಹಬೆ ಇಳಿಯುವುದಿಲ್ಲವೆಂದು ಮೂರು ದಿನ ನಾಲೆಯ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿದ್ದಾಯಿತು. ಆಮೇಲೆ ಹಬೆಯ ಪ್ರಶ್ನೆ. ಅವನು ಗಾಡಿ ಮಾಡುತ್ತಿದ್ದ ಕಾಲದ ಒಲೆ ಇದ್ದ ಜಾಗದಲ್ಲಿ ಈಗ ಪ್ಲೈವುಡ್ ಕೊಯ್ಯುವ ಯಂತ್ರವಿದೆ. ಬೇಕಾಗಿದ್ದುದು ಉದ್ದಕ್ಕೂ ಒಂದೇ ಸಮನಾಗಿ, ಗಂಟೆಗಟ್ಟಲೆ ಏಳುವ ಹಬೆ. ಅದು ನಮ್ಮ ಸೀಮೆಯಲ್ಲಿ ಎಲ್ಲಿ ಸಿಗುತ್ತದೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನಂಥ ಪ್ರಯೋಗಶೀಲನಿಗೆ ಮಾತ್ರ ಅದು ಹೊಳೆಯಲು ಒಂದು ವಾರ ಬೇಕಾಯಿತು: ಆಲೆಮನೆ.

ನಾಗರತ್ನಳ ತಮ್ಮ ಬೋರೇಗೌಡನ ಆಲೆಮನೆ ಇರುವುದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕೆ.ಎಂ. ದೊಡ್ಡಿ ದಾಟಿ ಬಲಕ್ಕೆ. ಅಲ್ಲಿ ಕೊಪ್ಪರಿಗೆಯೆಂಬ ಮಹಾಪಾತ್ರೆಯಲ್ಲಿ ಕಬ್ಬಿನ ರಸ ಕುದಿಯುತ್ತದೆ. ಕೆಳಗೆ ಕಬ್ಬಿನ ಸಿಪ್ಪೆಯ ಬೆಂಕಿ, ಮೇಲೆ ಚಾವಣಿ ಮುಟ್ಟುವ ಹಬೆ. ನಾನು, ಬೋರೇಗೌಡ, ಸಿದ್ಧಾಚಾರಿ ಮೂವರೂ ಸೇರಿ, ಚಾವಣಿಯ ತೊಲೆಯಿಂದ ಹಗ್ಗ ಇಳಿಬಿಟ್ಟು, ಬಿಲ್ಲಿನ ಮರವನ್ನು ಕೊಪ್ಪರಿಗೆಯ ಮೇಲೆ ಅಡ್ಡಲಾಗಿ ತೂಗಿಸಿ, ಹಬೆ ಓಡಿಹೋಗದಂತೆ ಒದ್ದೆ ಗೋಣಿತಾಟು ಹೊದಿಸಿದೆವು. ಎತ್ತರ ನಿರ್ಧರಿಸುವ ಅಧಿಕಾರ ನನ್ನದೆಂದು ನಾನು ಘೋಷಿಸಿದೆ, ಟೇಪು ತಂದಿದ್ದೆ. ರಸದ ಮಟ್ಟದಿಂದ ಸರಿಯಾಗಿ ಒಂದು ಗೇಣು. ಸಿದ್ಧಾಚಾರಿ ಟೇಪನ್ನೂ ನನ್ನನ್ನೂ ನೋಡಿ ಏನೋ ಹೇಳಲು ಹೊರಟು, ಬೀಡಿ ಹಚ್ಚಿದ. ಅವನು ಆಗ ಹೇಳಿದ್ದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ರಸ ಕುದಿಯಿತು. ಕುದಿದ ರಸ ಏರಿತು. ಹಾಲು ಉಕ್ಕುವುದನ್ನು ಅರುವತ್ತು ವರ್ಷ ನೋಡಿದ್ದ ನಾನು, ಮೂರು ಲಕ್ಷ ಕಲ್ಲುಗಳ ನಡುವಿನ ದೂರ ಅಳೆದಿದ್ದ ನಾನು (ಮೂರು ಲಕ್ಷ ಇರಲಾರದು; ಕಲ್ಲು ನೆಟ್ಟಿದ್ದೇನೆ), ಅಳತೆ ಮಾಡಿದ್ದು ತಣ್ಣಗಿದ್ದ ರಸದಿಂದ. ನೊರೆ ಗೊಬ್ಬರದ ಗುಂಡಿಯ ಗುಳ್ಳೆಗಳಂತೆ ಎದ್ದು, ಗೋಣಿತಾಟನ್ನು ಮೂಸಿ, ಮರವನ್ನು ಆಪೋಶನ ತೆಗೆದುಕೊಂಡಿತು.

“ಅಯ್ಯೋ ಬಾವಾ! ಅಬೆ ಕುಡ್ಸಿ ಅಂದ್ರೆ ಪಾನಕ ಕುಡಿಸ್ಬುಟ್ರಲ್ಲ!” ಬೋರೇಗೌಡ ನೊರೆ ಇಳಿಸಲು ಎಣ್ಣೆ ಚಿಮುಕಿಸುತ್ತ ಕೂಗಿದ. “ನಾಳಿಕ್ಕೆ ಯಾರಾದ್ರೂ ಬೆಲ್ಲದಲ್ಲಿ ಮರದ್ ವಾಸ್ನೆ ಅಂದ್ರೆ ಅಕ್ಕನ್ ನಾಟ್ಕ ನೋಡಕ್ಕೋಗಿ ಅಂತೀನಿ!”

“ಮ್ಯಾಕೆಳೀರಿ, ಮ್ಯಾಕೆಳೀರಿ!” ಎಂದ ಸಿದ್ಧಾಚಾರಿ. ನಾವು ಹಗ್ಗ ಎಳೆದೆವು. ಮರ ಪಾಕ ತೊಟ್ಟಿಕ್ಕುತ್ತ, ಜೋನಿಬೆಲ್ಲದ ಬಣ್ಣದಲ್ಲಿ ಹೊಳೆಯುತ್ತ ಮೇಲೆದ್ದಿತು. ಮತ್ತೆ ಮುಕ್ಕಾಲು ಗಂಟೆ, ಈ ಸಲ ನನ್ನ ಅಳತೆಯಿಲ್ಲದೆ, ಅದು ಹಬೆಯಲ್ಲಿ ಬೆಂದಿತು.

ಆಮೇಲಿನದು ಬಹಳ ಬೇಗ ನಡೆಯಿತು. ಹಬೆಯಿಂದ ಹೊರಬಂದ ಮರ ಮೆತ್ತಗಿರುವುದು ಹತ್ತು ಹನ್ನೆರಡು ಉಸಿರಿನ ಹೊತ್ತು ಮಾತ್ರವಂತೆ. ಅಷ್ಟರಲ್ಲಿ ಅದರ ಮನಸ್ಸು ತಿರುಗಿಸಬೇಕು, ಆಮೇಲೆ ಅದು ಯಾರ ಮಾತೂ ಕೇಳದು. ಹಿತ್ತಲಲ್ಲಿ ಎತ್ತು ಕಟ್ಟಿ ತಿರುಗಿಸುತ್ತಿದ್ದ ಕಾಲದ ಹಳೆಯ ಗಾಣದ ಉರುಳೆಗಳು ಬಿದ್ದಿದ್ದವು. ತುದಿಯನ್ನು ಉರುಳೆಗೆ ಒತ್ತಿ ಸಿದ್ಧಾಚಾರಿ ತೂಕ ಬಿಟ್ಟ. ಕೈಗೆ ಸುತ್ತಿದ್ದ ಗೋಣಿಯೊಳಗಿಂದಲೂ ಬಿಸಿ ಸುಡುತ್ತಿತ್ತು. ಮರ ಮೊದಲು ತಡೆಯಿತು. ಮತ್ತೆ, ಏನನ್ನೋ ನೆನಪಿಸಿಕೊಂಡಂತೆ, ಸರ್ರನೆ ಬಾಗಿತು. ಬೇಕಾದ ವಕ್ರಕ್ಕೆ ಬಂತೆಂದು ನನಗನ್ನಿಸಿತು. ಸಾಕು ಎಂದೆ.

“ಸಾಕಾಗಾಕಿಲ್ಲ, ಇನ್ನೂ ಬಗ್ಸಿ! ಕಟ್ ಬಿಚ್ಚಿದ್ ಮ್ಯಾಕೆ ಇದು ಒಂದ್ ಮುಷ್ಟಿ ಇಂದಕ್ ಬತ್ತದೆ. ಬೇಕಾದಷ್ಟೇ ಬಗ್ಸುದ್ರೆ ಬೇಕಾದಷ್ಟು ಸಿಕ್ಕಾಕಿಲ್ಲ ಸಾಮಿ. ಒಂದ್ ಮುಷ್ಟಿ ಜಾಸ್ತಿ ಬಗ್ಸಬೇಕು, ಅದರ ಪಾಲಿಗೆ ಅದುಕ್ ಬುಡ್ಬೇಕು.”

ಬಗ್ಗಿಸಿದೆವು, ಒಂದು ಮುಷ್ಟಿ ಹೆಚ್ಚಾಗಿಯೇ. ಇನ್ನೊಂದು ತುದಿಗೂ ಅದೇ ಸಂಸ್ಕಾರ. ಎರಡು ಉರುಳೆಗಳಿಗೂ ಹಗ್ಗದಲ್ಲಿ ಬಿಗಿದ ಆ ಮರ, ನಾಟಕದ ಹಿಂದಿನ ದಿನದವರೆಗೆ ಆಲೆಮನೆಯಲ್ಲೇ ಒಣಗಲು ಕೂತಿತು. ಒಣಗಿದ್ದು ಮರ ಮಾತ್ರ. ಅದರ ಮೈಗಂಟಿದ ಪಾಕದ ಸುದ್ದಿ ಏನಾಯಿತೆಂಬುದು ಶನಿವಾರ ಗೊತ್ತಾಯಿತು.

ಶನಿವಾರ ಬೆಳಗ್ಗೆ ಕಟ್ಟು ಬಿಚ್ಚಿದಾಗ ಬಿಲ್ಲು ನಿಟ್ಟುಸಿರಿಟ್ಟಂತೆ ಒಂದು ಮುಷ್ಟಿಯಷ್ಟೇ ಹಿಂದಕ್ಕೆ ಬಂದು ನಿಂತಿತು. ಸಿದ್ಧಾಚಾರಿ ಕತ್ತಾಳೆ ನಾರಿನಿಂದ ಹೊಸೆದ ಹೆದೆ ತಂದಿದ್ದ. ಆದರೆ ಅದನ್ನು ಏರಿಸಲು ನಮಗೆ ಬಿಡಲಿಲ್ಲ. ಮೊದಲ ಸಲ ಹಿಡಿಯುವವರೇ ಏರಿಸಬೇಕು; ಬೇರೆ ಕೈ ಏರಿಸಿದರೆ ಬಿಲ್ಲು ಆ ಕೈಗೆ ಒಗ್ಗಿಬಿಡುತ್ತದೆಂದು ಅವನ ನಂಬಿಕೆ. ಹೀಗಾಗಿ ಅದು ನುಡಿಯುತ್ತದೋ, ಪೈಪಿನ ಸಂಗಾತಿಯಂತೆ ಲಟಕ್ಕೆನ್ನುತ್ತದೋ ಎಂಬುದನ್ನು ತಿಳಿಯದೆಯೇ ನಾನು ಮದ್ದೂರಿನ ಬಸ್ಸು ಹತ್ತಿದೆ.

ಕಂಡಕ್ಟರ್ ಬಾಗಿಲಲ್ಲೇ ತಡೆದ. “ಏನ್ ಸಾರ್, ಯಾರ್ ಮ್ಯಾಲೆ ದಂಡೆತ್ತಿ ಒಂಟ್ರಿ? ಉದ್ದಕ್ಕಿಡಿ, ಅಡ್ಡ ಇಟ್ರೆ ಡ್ರೈವರ್ ಕತ್ತಿಗೆ ಸಿಕ್ಕಾಕ್ಕತದೆ.” ಬಿಲ್ಲನ್ನು ಮೇಲಿನ ಸಾಮಾನು ಸರಳಿನ ಮೇಲೆ ಉದ್ದಕ್ಕಿಟ್ಟೆ. ಎರಡು ನಿಲ್ದಾಣ ದಾಟಿರಲಿಲ್ಲ, ಅದರ ಕೆಳಗೆ ಕೂತಿದ್ದ ಒಬ್ಬ ಅಜ್ಜಿ ಕುಪ್ಪಸದ ತೋಳು ಕೊಡವುತ್ತ ಎದ್ದುನಿಂತಳು. ಎದುರು ಸೀಟಿನವನು ಕತ್ತು ಉಜ್ಜಿಕೊಂಡ. ಬೆಲ್ಲದ ಪಾಕ ಕುಡಿದು ಹನ್ನೆರಡು ದಿನ ಆಲೆಮನೆಯಲ್ಲಿ ವಾಸವಿದ್ದ ಬಿಲ್ಲಿನೊಳಗೆ, ಅದರ ಎಳೆಎಳೆಯಲ್ಲಿ, ಇರುವೆಗಳ ಅಕ್ಷೌಹಿಣಿ ಪ್ರಯಾಣ ಮಾಡುತ್ತಿತ್ತು.

“ಯಾರದಪ್ಪೋ ಇದು, ಬಿಲ್ಲೋ ಬೆಲ್ಲವೋ? ಬಾಣ ಬುಡದೆ ಬ್ಯಾಡ, ಇಟ್ಟಿದ್ ಕಡೇನೇ ಕಚ್ತದೆ!” ಎಂದಳು ಅಜ್ಜಿ. ಬಸ್ಸಿಗೆ ಬಸ್ಸೇ ನಕ್ಕಿತು. ಉಳಿದ ದಾರಿಯಷ್ಟೂ ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು, ಬಿಲ್ಲನ್ನು ಹೊರಗೆ ಹಿಡಿದು, ಶಿಂಷಾ ಸೇತುವೆ ದಾಟುವಾಗ ಇರುವೆಗಳನ್ನು ಹೊಳೆಗೆ ಕೊಡವುತ್ತ, ಸೋತ ಸೇನಾಪತಿಯಂತೆ ಊರು ಪ್ರವೇಶಿಸಿದೆ. ಹಿಂಬಾಗಿಲಿತ್ತೇ ಆ ಬಸ್ಸಿಗೆ? ಇರಲೇಬೇಕು, ಇಲ್ಲದಿದ್ದರೆ ನಾನೆಲ್ಲಿ ನಿಂತಿದ್ದೆ?

ಇನ್ನು ನಾಟಕ. ಇದನ್ನು ನಾನು ಊರೆಲ್ಲ ಹೇಳಿದ ರೀತಿಯಲ್ಲೇ ಮೊದಲು ಹೇಳುತ್ತೇನೆ.

ಭಾನುವಾರ ಹನ್ನೊಂದಕ್ಕೆ ಶುರುವಾಗಬೇಕಾದ್ದು ಹನ್ನೆರಡಕ್ಕೆ ಶುರುವಾಯಿತು. ಸಭಾಂಗಣದಲ್ಲಿ ಬಹುಪಾಲು ಹೆಂಗಸರು, ಅವರ ಪಕ್ಕದಲ್ಲಿ ಹಾಲು ಕರೆಯುವ ಹೊತ್ತಿನೊಳಗೆ ಮುಗಿಯುತ್ತದೆಯೇ ಎಂದು ಗಡಿಯಾರ ನೋಡುವ ಗಂಡಸರು. ಮುಂದಿನ ಸಾಲಿನಲ್ಲಿ ನಾನು, ಬೋರೇಗೌಡ, ಇಸ್ತ್ರಿಯ ಅಂಗಿ ತೊಟ್ಟ ಸಿದ್ಧಾಚಾರಿ. ಕೆಂಚ ಬಂದ. ಆಸ್ಥಾನ ನಕ್ಕಿತು. ಗೌರಮ್ಮನ ನಗೆ ತಾಲೀಮಿನದಕ್ಕಿಂತ ಚೆನ್ನಾಗಿತ್ತು. ಮನೆಯಲ್ಲಿ ಒಮ್ಮೆಯೂ ಹೆದೆ ಏರಿಸಿ ನೋಡಲು ಒಪ್ಪದಿದ್ದ ಕೆಂಚ ಬಿಲ್ಲಿನ ಒಂದು ತುದಿಯನ್ನು ಪಾದಕ್ಕೆ ಆನಿಸಿ, ಮೊಣಕಾಲಿನಿಂದ ನಡುವನ್ನು ಒತ್ತಿ, ಇನ್ನೊಂದು ತುದಿಯನ್ನು ಬಾಗಿಸತೊಡಗಿದ. ಬಿಲ್ಲು ಕಿರ್ರೆಂದಿತು. ಸಿದ್ಧಾಚಾರಿ ನನ್ನ ಮಣಿಕಟ್ಟು ಹಿಡಿದ. ಲಟಕ್ಕೆನ್ನುವ ಸದ್ದಿಗಾಗಿ ನನ್ನ ಇಡೀ ಮೈ ಕಿವಿಯಾಗಿ ಕೂತಿತ್ತು; ಅದೊಂದು ಸದ್ದು ಬಂದರೆ ಐವತ್ತು ವರ್ಷದ ಹಿಂದೆ ಮರವಾಗಿ ನಿಂತವಳು ಮತ್ತೆ ಮರವೇ. ಹೆದೆಯ ಕುಣಿಕೆ ತುದಿಯ ಕಚ್ಚಿನಿಂದ ಒಮ್ಮೆ ಜಾರಿತು. ಎರಡನೆಯ ಸಲ ಕೂತಿತು. ನಾಗರತ್ನ ಎದ್ದುನಿಂತು, ಬಿಲ್ಲನ್ನು ಎದೆಯ ಮಟ್ಟಕ್ಕೆತ್ತಿ, ಬೆರಳಿನಿಂದ ಒಮ್ಮೆ ಮೀಟಿದಳು.

ಆ ಸದ್ದನ್ನು ಬರೆಯಲು ನನ್ನಲ್ಲಿ ಅಕ್ಷರವಿಲ್ಲ. ಠೇಂಕಾರವೆಂಬ ಮಾತಿದೆ, ಅದು ತುಂಬ ಕಿರೀಟ ತೊಟ್ಟ ಮಾತು. ಇದು ತುಂಬಿದ ಗುಡಾಣಕ್ಕೆ ಬಾಯಿಟ್ಟು ಯಾರನ್ನೋ ಕರೆದಂತಿತ್ತು. ಮಾಸ್ತರ ಬೆರಳು ಹಾರ್ಮೋನಿಯಂ ಮೇಲೆ ನಿಂತಿತು. ನಗಬೇಕಾದ ಜಾಗದಲ್ಲಿ ಇನ್ನೂ ನಗುತ್ತಿದ್ದ ದ್ವಾರಪಾಲಕಿ ಬಾಯಿ ಮುಚ್ಚಿದಳು. ಕೆಂಚನ ಕಣ್ಣಿಂದ ನೀರು ಇಳಿದು ಅಂಟಿಸಿದ ಮೀಸೆಯ ಒಂದು ಪಕ್ಕ ಸಡಿಲಾಯಿತು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಅಸಲು ವಿಷಯವೇನೆಂದರೆ, ಎಂದು ನಾನು ವಾರಗಟ್ಟಲೆ ಮದ್ದೂರಿನ ಹೋಟೆಲು ಬೆಂಚುಗಳ ಮೇಲೆ ಕೂತು ಹೇಳಿದೆ, ಇರುವೆ! ಬೆಲ್ಲದ ಬಿಲ್ಲಿನಿಂದ ಇಳಿದ ಕಟ್ಟಿರುವೆಯೊಂದು ಸರಿಯಾಗಿ ಆ ಕ್ಷಣಕ್ಕೆ ಕಂಕುಳಿಗೆ ಕಚ್ಚಿತು! ಜನ ಅಭಿನಯವೆಂದುಕೊಂಡರು! ಕೇಳಿದವರು ಹೊಟ್ಟೆ ಹಿಡಿದು ನಕ್ಕರು. ಕಥೆ ಎಷ್ಟು ಚೊಕ್ಕವಾಗಿ ಹೊಂದಿತೆಂದರೆ ನನಗೇ ಗುಮಾನಿ ಬರಬೇಕಿತ್ತು. ಮನೆಗೆ ಬಂದಿದ್ದ ಬೋರೇಗೌಡನ ಮುಂದೆಯೂ ಅದನ್ನು ಮತ್ತೊಮ್ಮೆ ಹೇಳುತ್ತಿದ್ದಾಗ, ಒಳಗೆ ಮುದ್ದೆ ತಿರುವುತ್ತಿದ್ದ ಕೋಲಿನ ಸದ್ದು ನಿಂತಿತು.

“ಯಾವ್ ಇರುವೆರೀ?” ನಾಗರತ್ನ ಬಾಗಿಲಿಗೆ ಬಂದಳು, ಕೈಯಲ್ಲಿ ಹಬೆಯಾಡುವ ಕೋಲು. “ನಾಟ್ಕದ್ ದಿನ ಬೆಳಗ್ಗೆ ಬೇವಿನೆಣ್ಣೆ ಆಕಿ ಮೂರ್ ಸಲ ಒರ್ಸಿದ್ದೀನಿ ಬಿಲ್ಲ. ಒಂದ್ ಇರುವೆನೂ ಇರ್ನಿಲ್ಲ.”

“ಮತ್ತೆ ಕಣ್ಣಲ್ಲಿ ನೀರು?”

“ಬಂತು. ಅದುಕ್ಕೇನೀಗ?” ಅವಳು ಕೋಲಿನ ತುದಿಗಂಟಿದ ಹಿಟ್ಟನ್ನು ಬೆರಳಿನಿಂದ ಬಳಿದಳು. “ಮರ ಅಳಬಾರ್ದು ಅಂದಿದ್ರು ಮೇಷ್ಟ್ರು. ಕೆಂಚ ಅಳಬಾರ್ದು ಅಂತ ಯಾರೂ ಏಳಿರ್ನಿಲ್ವಲ್ಲ.”

ಅವಳು ಒಳಗೆ ಹೋದಳು. ಬೋರೇಗೌಡ ಚಾವಣಿ ನೋಡಿದ, ನಾನು ನೆಲ ನೋಡಿದೆ. ಆ ಇರುವೆಯನ್ನು ನಾನೇ ಸಾಕಿದ್ದೆನೆಂಬುದು ನನಗೆ ಆಗ ಗೊತ್ತಾಯಿತೋ ಮೊದಲೇ ಗೊತ್ತಿತ್ತೋ, ಪ್ರಮಾಣ ಮಾಡಿ ಹೇಳಲಾರೆ. ಕಣ್ಣೀರನ್ನು ನೇರವಾಗಿ ಹೇಳಲು ಗಂಡಸಿಗೆ ಧೈರ್ಯ ಸಾಲದಾದಾಗ ಇರುವೆಗಳು ಬಹಳ ಉಪಕಾರಿ ಜೀವಿಗಳು. ಸಿದ್ಧಾಚಾರಿಯ ಮಾತನ್ನು ನನ್ನ ಪರವಾಗಿ ತಿರುಗಿಸಿ ವಾದಿಸಬಹುದಿತ್ತು: ಯಾವ ಕಥೆಯನ್ನೂ ಬೇಕಾದ್ದಕ್ಕಿಂತ ಒಂದು ಮುಷ್ಟಿ ಹೆಚ್ಚು ಬಗ್ಗಿಸಿಯೇ ಹೇಳಬೇಕು, ಕೇಳಿದವರ ಮನಸ್ಸಿನಲ್ಲಿ ಅದು ತಾನಾಗಿ ಹಿಂದಕ್ಕೆ ಬಂದು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ ಎಂದು. ಆದರೆ ನಾನು ಬಗ್ಗಿಸಿದ್ದು ನನ್ನ ಮರವಲ್ಲ, ಅವಳದು. ಗೆರೆ ಎಳೆದು ಗರಗಸ ಹಾಕಿಬಿಟ್ಟಿದ್ದೆ;‌ ಎಳೆ ಯಾವ ಕಡೆಗೆ ಓಡುತ್ತಿದೆಯೆಂದು ನೋಡಿರಲಿಲ್ಲ. ಈಗ ಹೋಟೆಲಿನ ಬೆಂಚುಗಳಿಗೆಲ್ಲ ಮತ್ತೊಂದು ಸುತ್ತು ಹೋಗಿ ಇರುವೆಯನ್ನು ವಾಪಸು ಪಡೆಯುತ್ತಿದ್ದೇನೆ. ಯಾರೂ ಕೊಡಲು ಒಪ್ಪುತ್ತಿಲ್ಲ. ಇರುವೆಯಿದ್ದ ಕಥೆಯೇ ಚೆನ್ನಾಗಿತ್ತು ಅನ್ನುತ್ತಾರೆ.

ತಂಡಕ್ಕೆ ಮುಂದಿನ ನಾಟಕ ಮಳವಳ್ಳಿಯಲ್ಲಿ. ಅಲ್ಲಿಯವರೆಗೆ ಬಿಲ್ಲು, ಹೆದೆ ಇಳಿಸಿಕೊಂಡು, ಇರುವೆಗೆ ಸುಲಭವಾಗಿ ಸಿಗದ ಒಂದೇ ಜಾಗದಲ್ಲಿ, ಅಡುಗೆಮನೆಯ ಮೊಳೆಯ ಮೇಲೆ, ಮುದ್ದೆ ಕೋಲಿನ ಪಕ್ಕದಲ್ಲೇ ತೂಗುತ್ತಿದೆ. ನಿನ್ನೆ ಮಧ್ಯಾಹ್ನ ಒಲೆಯ ಮೇಲೆ ಎಸರು ಕುದಿಯುತ್ತಿದ್ದಾಗ, ಹಬೆ ಎರಡರ ಮೈಯನ್ನೂ ಸವರಿಕೊಂಡು ಕಿಟಕಿಯ ಕಡೆಗೆ ಹೋಗುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಟೇಪು ತಂದೆ. ಬಿಲ್ಲಿನ ತುದಿ ಅರ್ಧ ಬೆರಳಿನಷ್ಟು ನೆಟ್ಟಗಾಗಿದೆ. ಕೋಲು ಕೂದಲೆಳೆಯಷ್ಟು ಮತ್ತೂ ಬಾಗಿದೆ. ಬಾಗಿದ್ದು ನೆಟ್ಟಗಾಗುತ್ತ, ನೆಟ್ಟಗಿದ್ದುದು ಬಾಗುತ್ತ, ಇವೆರಡೂ ಯಾವ ವರ್ಷ ಯಾವ ಅಳತೆಯಲ್ಲಿ ಸಂಧಿಸಬಹುದೆಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಹಾಕತೊಡಗಿದೆ.

ನಾಗರತ್ನ ನನ್ನ ಭುಜ ಸರಿಸಿ ಕೋಲನ್ನು ಮೊಳೆಯಿಂದ ತೆಗೆದುಕೊಂಡಳು. “ಅಳ್ದಿದ್ ಸಾಕು, ಕೈ ತೊಳ್ಕಳಿ ಓಗಿ. ಈಗ್ ತಿರುವ್ತೀನಿ, ಬಿಸೀಲಿ ಉಂಡ್‌ಬುಡಿ. ಮುದ್ದೆನೂ ಅಷ್ಟೇ, ತಣ್ಣಗಾದ್ರೆ ಯಾರ್ ಮಾತೂ ಕೇಳಾಕಿಲ್ಲ.”